ಹಿರೇಮನೆಯ ಸೊಸೆ

ಹಿರೇಮನೆಯ ಗೋಡೆಗಳು ಈಗ ಮೊಣಕಾಲಿನಷ್ಟೇ ಎತ್ತರ. ಕೆಲವು ಕಡೆ ಅಷ್ಟೂ ಇಲ್ಲ, ನೆಲದಲ್ಲಿ ಹೂತ ಕಲ್ಲಿನ ಸಾಲು ಹುಲ್ಲಿನ ನಡುವೆ ಹಲ್ಲು ಕಿರಿದಂತೆ ಕಾಣುತ್ತದೆ, ಅಷ್ಟೆ. ಮಾಳಿಗೆ ಯಾವ ಕಾಲಕ್ಕೆ ಬಿತ್ತೋ ಬಲ್ಲವರಿಲ್ಲ. ಆದರೂ ನಮ್ಮೂರಿನವರು ಯಾರೂ ಆ ಗೋಡೆ ದಾಟಿ ಒಳಗೆ ಹೋಗುವುದಿಲ್ಲ. ಸುತ್ತಿ ಬಂದು, ಬಾಗಿಲಿನ ಮುಂದೆ ಚಪ್ಪಲಿ ಬಿಟ್ಟು, ಇಲ್ಲದ ಚೌಕಟ್ಟಿಗೆ ತಲೆ ತಗ್ಗಿಸಿ ಒಳಗೆ ಕಾಲಿಡುತ್ತಾರೆ. ದಾಟದೆ ಇದ್ದಷ್ಟು ದಿನ ಗೋಡೆ ಇರುತ್ತದೆ. ಯಾರಾದರೂ ದಾಟಿದರೋ, ದಾಟಿದ ಜಾಗದಲ್ಲಿ ಮೂರು ದಿನ ಗೋಡೆ ಇರುವುದಿಲ್ಲ. ಬಡಗಾಳಿ ಅಲ್ಲಿಂದ ಒಳಗೆ ನುಗ್ಗುತ್ತದೆ. ನಾಯಿ, ಕೋಳಿ, ಆಡು ದಾಟಿದರೆ ನಡೆಯುತ್ತದೆ. ಮನುಷ್ಯರು ದಾಟಬಾರದು.

ಊರಿನಿಂದ ಬಡಗಣ ದಿಕ್ಕಿಗೆ ಅರ್ಧ ಹರದಾರಿ ನಡೆದರೆ ಹಿರೇಮನೆ ಸಿಗುತ್ತದೆ. ಅದರಾಚೆ ಊರಿಲ್ಲ. ಗಿಡ ಕೂಡ ಇಲ್ಲ. ಕುರುಚಲು ಹುಲ್ಲು, ಕರೀ ಕಲ್ಲು, ಆಕಾಶ. ಆಕಾಶ ನೆಲಕ್ಕೆ ತಾಗುವಲ್ಲಿ ಬಡಗಾಳಿ ಹುಟ್ಟುತ್ತದೆ ಅನ್ನುತ್ತಾರೆ. ವರ್ಷದಲ್ಲಿ ಎರಡು ತಿಂಗಳು ಅದು ಬೀಸುವುದನ್ನು ನಿಲ್ಲಿಸುವುದೇ ಇಲ್ಲ. ಆ ಎರಡು ತಿಂಗಳಿಗೆ ನಾವು ಗಾಳಿ ತಿಂಗಳು ಎಂದೇ ಹೆಸರಿಟ್ಟಿದ್ದೇವೆ. ನಾವು ಕಟ್ಟಿದ ಮನೆಗಳಿಗೆ ಗೋಡೆ ಇದ್ದೂ ಗಾಳಿ ಒಳಗೆ ಬರುತ್ತದೆ, ಕದದ ಸಂದಿಯಿಂದ ಬರುತ್ತದೆ, ಹಂಚಿನ ಕೆಳಗಿನಿಂದ ಬರುತ್ತದೆ, ಹೊದ್ದ ಕಂಬಳಿಯೊಳಕ್ಕೂ ಕೈ ಹಾಕುತ್ತದೆ. ಹಿರೇಮನೆಯಲ್ಲಿ ಹಚ್ಚಿಟ್ಟ ಹಣತೆಯ ಕುಡಿ ಅಲುಗುವುದಿಲ್ಲ.

ಅದನ್ನು ಯಾರು ಕಟ್ಟಿದರೋ ಗೊತ್ತಿಲ್ಲ. ಹೊರಗಿನಿಂದ ಬಂದವಳು ನಾನು. ಮೊದಲ ಸಲ ಆ ಮನೆಯನ್ನು ದೂರದಿಂದ ನೋಡಿದಾಗ, ಯಾರೋ ಹೆಂಗಸು ಕಟ್ಟಿಸಿದ್ದಿರಬೇಕು ಅನ್ನಿಸಿತ್ತು. ಯಾಕೆ ಎಂದು ಕೇಳಿದ್ದರೆ ಆಗ ಹೇಳಲು ಬರುತ್ತಿರಲಿಲ್ಲ.

ನನ್ನ ಗಂಡ ಬರಮಪ್ಪ ಕಲ್ಲಿನ ಖಣಿಯಲ್ಲಿ ಕೆಲಸ ಮಾಡುತ್ತಾನೆ. ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ನಾನು ರೊಟ್ಟಿ ಬಡಿಯುತ್ತೇನೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಬಡಿದದ್ದನ್ನು ಬುಟ್ಟಿಗೆ ತುಂಬಿ ಮನೆ ಮನೆಗೆ ಕೊಡುತ್ತೇನೆ. ಗಾಳಿ ತಿಂಗಳಲ್ಲಿ ಹಿರೇಮನೆಗೂ ಒಯ್ಯುತ್ತೇನೆ. ಆಗ ಅರ್ಧ ಊರೇ ಅಲ್ಲಿರುತ್ತದೆ. ಒಳಗಿನ ಪಡಸಾಲೆಯಲ್ಲಿ ಹನ್ನೆರಡು ಕಂಬಗಳ ಬುಡಗಲ್ಲುಗಳಿವೆ, ಕಂಬಗಳಿಲ್ಲ. ಊರಿನ ಹನ್ನೆರಡು ಮನೆತನಗಳಿಗೆ ಒಂದೊಂದು ಕಲ್ಲು. ಬಾಣಂತಿಯರು, ಹಸುಗೂಸುಗಳು, ವಯಸ್ಸಾದವರು ತಮ್ಮ ತಮ್ಮ ಕಲ್ಲಿನ ಸುತ್ತ ಹಾಸಿಕೊಂಡು ಎರಡು ತಿಂಗಳು ಅಲ್ಲೇ ಉಳಿಯುತ್ತಾರೆ. ನಮ್ಮಂತೆ ಆಮೇಲೆ ಬಂದು ಮಡ್ಡಿ ಓಣಿಯಲ್ಲಿ ನೆಲೆಸಿದವರಿಗೆ ಕಂಬವಿಲ್ಲ. ನಮಗೆ ಅದರಿಂದ ಸಿಟ್ಟೇನೂ ಇರಲಿಲ್ಲ. ಒಂದು ವರ್ಷ ಕರುಣೆಯಿಂದ ಕಂಬವಿಲ್ಲದ ಏಳು ಜನರನ್ನು ಒಳಗೆ ಕರೆದಿದ್ದರಂತೆ. ಇಕ್ಕಟ್ಟಿನಲ್ಲಿ ನಿದ್ದೆಗಣ್ಣಿನವನೊಬ್ಬನ ಹಿಮ್ಮಡಿ ಗೋಡೆಯಾಚೆ ಹೋಯಿತು. ಮೂರು ದಿನದ ಗಾಳಿಗೆ ಎರಡು ಕೂಸುಗಳು ಸಾಯುವಂತಾಗಿದ್ದವು. ಅಂದಿನಿಂದ ಹನ್ನೆರಡು ಕಂಬ ಅಂದರೆ ಹನ್ನೆರಡೇ.

ನನಗೆ ಸಿಟ್ಟಿರಲಿಲ್ಲ ಅಂದೆನಲ್ಲ, ಅದು ಕಸ್ತೂರಿಗೆ ಉಬ್ಬಸ ಹಿಡಿಯುವ ಮೊದಲಿನ ಮಾತು.

ಕಸ್ತೂರಿ ನನ್ನ ಮಗಳು. ಎಂಟು ವರ್ಷ. ಗಾಳಿ ತಿಂಗಳು ಬಂದರೆ ಅವಳ ಎದೆಯಲ್ಲಿ ಬೆಕ್ಕಿನ ಮರಿ ಕೂತಂತೆ ಸದ್ದು. ಕಷಾಯ ಕುಡಿಸಿದೆ, ಎದೆಗೆ ಬಿಸಿ ಎಣ್ಣೆ ತಿಕ್ಕಿದೆ, ಡಾಕ್ಟರರು ಕೊಟ್ಟ ಗುಳಿಗೆ ನುಂಗಿಸಿದೆ. "ಗಾಳಿ ತಪ್ಪಿಸ್ರಿ" ಅಂದರು ಡಾಕ್ಟರರು. ಗಾಳಿ ತಪ್ಪಿಸಿ ಎಲ್ಲಿಗೆ ಹೋಗಲಿ? ಹೋದ ಗಾಳಿ ತಿಂಗಳಲ್ಲಿ ಅವಳಿಗೆ ಮೂರು ಮಾತಿಗೊಮ್ಮೆ ಉಸಿರು ಸಾಲದಾಯಿತು. "ಅವ್ವಾ, ನೀರ ಕೊಡ," ಅನ್ನುವಳು. ತಡೆದು, ಬಾಯಿ ತೆರೆದು ಉಸಿರೆಳೆದು, "ಬಿಸೀದು," ಅನ್ನುವಳು. ಮೊದಲು ವಟವಟ ಅನ್ನುತ್ತಿದ್ದ ಹುಡುಗಿ. ಈಗ ಕಾಳಿನಲ್ಲಿ ಹರಳು ಆರಿಸುವಂತೆ ಮಾತು ಆರಿಸಿ ಆಡುತ್ತಿದ್ದಳು. ಬೇಡದ್ದನ್ನೆಲ್ಲ ಬಿಟ್ಟುಬಿಡುತ್ತಿದ್ದಳು. ಅವಳು ಏನೇನು ಬಿಟ್ಟಳೋ ಎಂದು ನಾನು ರೊಟ್ಟಿ ಬಡಿಯುತ್ತ ಯೋಚಿಸುತ್ತಿದ್ದೆ.

ಹನ್ನೆರಡು ಕಂಬಗಳ ಉಸ್ತುವಾರಿ ಗಿರಿಮಲ್ಲಪ್ಪನವರದು. ದೊಡ್ಡ ಮೈಯ, ದೊಡ್ಡ ದನಿಯ ಮನುಷ್ಯ. ಬುಟ್ಟಿ ಕೊಡಲು ಹೋದಾಗ ಬಾಗಿಲಲ್ಲೇ ನಿಂತು ಕೇಳಿದೆ.

"ಕಾಕಾ, ನನ್ನ ಮಗಳನ್ನೊಬ್ಬಾಕಿನ್ನ ಒಳಗ ಬಿಟ್ಕೋರಿ. ನಾ ಬರೂದಿಲ್ಲ. ಅಕಿ ಒಂದ ಮೂಲ್ಯಾಗ ಕುಂತಿರ್ತಾಳ."

ಅವರು ಕಸ್ತೂರಿಯನ್ನು ನೋಡಿದರು. ನೋಡಿ ಮುಖ ತಿರುಗಿಸಿದರು. "ಯಾವ ಕಂಬದಾಕಿ ಅಂತ ಕರಕೊಳ್ಳಲವಾ? ಇವತ್ತ ನಿನ್ನ ಮಗಳು, ನಾಳೆ ಮಡ್ಡಿ ಓಣ್ಯಾಗಿನ ಹತ್ತ ಮಂದಿ. ನಾ ಬ್ಯಾಡ ಅಂದ್ರ ಕಲ್ಲಿನಂಥಾಂವ ಅಂತೀರಿ. ಹೂಂ ಅಂದು ಮತ್ತ ಗೋಡಿ ಹೋತಂದ್ರ, ಒಳಗ ಒಂಬತ್ತ ಕೂಸ ಅದಾವ."

"ನನ್ನ ಕೂಸು ಹೊರಗೈತಿ, ಕಾಕಾ."

"ಗೊತ್ತೈತವಾ," ಅಂದರು. ಒಂದು ಕಂಬಳಿ ತರಿಸಿ ಕಸ್ತೂರಿಗೆ ಹೊದಿಸಿದರು. ಒಳಗೆ ಮಾತ್ರ ಬಿಡಲಿಲ್ಲ.

ಒಳಗಿದ್ದ ತಂಗೆವ್ವ ಇದನ್ನೆಲ್ಲ ಕೇಳಿಸಿಕೊಂಡಿದ್ದಳು, ಆದರೆ ಬಾಯಿ ಬಿಡಲಿಲ್ಲ. ಹಿರೇಮನೆಯ ಒಳಗೆ ತಂಗೆವ್ವ ಬಾಯಿ ಮಾಡುವುದೇ ಇಲ್ಲ. ಯಾಕೆಂದರೆ ಅವಳು ಆ ಮನೆಯ ಸೊಸೆ. ಆ ಮನೆಗೆ ಯಾವಾಗಲೂ ಒಬ್ಬಳು ಸೊಸೆ ಇರಬೇಕು, ಅದು ನಮ್ಮೂರ ಪದ್ಧತಿ. ಹಿಂದಿನ ಸೊಸೆ ತೀರಿಕೊಂಡಾಗ ತಂಗೆವ್ವನಿಗೆ ಇಪ್ಪತ್ತೆರಡು. ಊರಲ್ಲಿ ಅವಳಿಗೆ ಬೇರೆ ಗಂಡ, ಬೇರೆ ಮನೆ, ಮಕ್ಕಳು ಎಲ್ಲ ಇದ್ದರು. ಆದರೂ ದಿನಾ ಬೆಳಿಗ್ಗೆ ಹಿರೇಮನೆಗೆ ಬಂದು ಕಸ ಗುಡಿಸಿ, ಸೆಗಣಿ ಸಾರಿಸಿ, ಯಾರು ಬಂದರು ಯಾರು ಹೋದರು ಎಂದು ಆ ಮನೆಯ ಅತ್ತೆಗೆ ಮೆಲ್ಲಗೆ ಹೇಳಿ ಹೋಗುತ್ತಿದ್ದಳು. ಅತ್ತೆಯನ್ನು ಕಂಡವರಿಲ್ಲ. ಈಗ ತಂಗೆವ್ವನಿಗೆ ಎಪ್ಪತ್ತು. ಬಾಗಿಲ ಹೊರಗೆ ಅವಳ ಬಾಯಿಗೆ ಹೆದರದವರಿಲ್ಲ. ಬಾಗಿಲಲ್ಲಿ ತಲೆ ತಗ್ಗಿಸಿದಳೋ, ಸೆರಗು ಹಣೆಯವರೆಗೆ ಬರುತ್ತದೆ, ದನಿ ಇಳಿಯುತ್ತದೆ, ನಿನ್ನೆ ಮದುವೆಯಾಗಿ ಬಂದವಳ ಹಾಗೆ ಗೋಡೆಯ ಬದಿಗೆ ಸರಿದು ನಡೆಯುತ್ತಾಳೆ.

"ಆಯೀ, ನಿಮ್ಮತ್ತಿಗಿ ಈಗ ವಯಸ್ಸ ಎಷ್ಟಾಗಿರಬೇಕು?" ಎಂದು ಹೆಂಗಸರು ಕಾಡಿಸುತ್ತಿದ್ದರು.

"ಅಕಿಗೇನ ಆಗೂದೈತಿ? ಆಗೂದೆಲ್ಲಾ ನನಗ ಆಗಾಕತ್ತೈತಿ," ಅನ್ನುತ್ತಿದ್ದಳು.

ನಾನು ಬುಟ್ಟಿ ಕೊಟ್ಟು, ಖಾಲಿ ಬುಟ್ಟಿ ಬರುವವರೆಗೆ ಬಾಗಿಲ ಮುಂದಿನ ಬಯಲಲ್ಲಿ ಕಾಯುತ್ತಿದ್ದೆ. ಅಲ್ಲಿ ಮೂರು ಕರೀ ಕಲ್ಲುಗಳಿದ್ದವು. ಕೆಸರು ತಾಗದಿರಲಿ ಎಂದು ಎಲ್ಲರೂ ಅವುಗಳ ಮೇಲೆಯೇ ಚಪ್ಪಲಿ ಬಿಡುತ್ತಿದ್ದರು. ಪಕ್ಕದಲ್ಲಿ ನೆಲಕ್ಕೆ ಹೂತ ಕುಳಿಗಲ್ಲೊಂದು. ಮಳೆ ನೀರು ನಿಂತರೆ ನಾಯಿ ಕುಡಿಯುತ್ತಿತ್ತು. ಹಿಂದೆ ದನಕ್ಕೆ ಉಪ್ಪು ಇಡುತ್ತಿದ್ದ ಕಲ್ಲು ಅನ್ನುತ್ತಿದ್ದರು.

ಆ ದಿನ ಬೆಳಗಿನಿಂದ ಬಡಿದು ಬಡಿದು ನನ್ನ ರಟ್ಟೆ ಬಿದ್ದುಹೋಗಿತ್ತು. ಕಸ್ತೂರಿಯನ್ನು ಮಡಿಲಿಗೆಳೆದುಕೊಂಡು, ಗಾಳಿಗೆ ಬೆನ್ನು ಕೊಟ್ಟು, ಕುಳಿಗಲ್ಲಿನ ಪಕ್ಕ ಕೂತೆ. ಕಾಲು ಚಾಚಿದೆ. ಎಡಗಾಲು ಕಲ್ಲಿನ ಪಕ್ಕದ ಒಂದು ತಗ್ಗಿನಲ್ಲಿ ಹೋಗಿ ಕೂತಿತು. ನಯವಾದ ತಗ್ಗು, ಹಿಮ್ಮಡಿಯ ಅಳತೆಯದೇ. ನಾನು ಏನೂ ಯೋಚಿಸಿರಲಿಲ್ಲ. ಬಲಗೈ ತಾನಾಗಿ ಕುಳಿಯ ಮೇಲೆ ಹೋಯಿತು. ಕುಳಿಯ ಅಂಚು ಒಂದೇ ಬದಿಗೆ ಸವೆದಿತ್ತು, ಬಲಗೈಯವಳು ಕೂತು ರುಬ್ಬಿದರೆ ಸವೆಯುವ ಬದಿಗೆ. ನನ್ನ ಮನೆಯ ಒರಳೂ ಹಾಗೇ ಸವೆದಿದೆ.

ಎಡಗೈ ಚಾಚಿದೆ. ಹಿಟ್ಟು ತಟ್ಟಿದ ಮೇಲೆ ಹೆಂಚು ಎಷ್ಟು ದೂರ ಇರಬೇಕೋ ಅಷ್ಟು ದೂರದಲ್ಲಿ ಕೈಗೆ ಸಿಕ್ಕಿದ್ದು ಯಾರದೋ ಚಪ್ಪಲಿ.

ಚಪ್ಪಲಿ ಸರಿಸಿ ಕಲ್ಲಿನ ಒಳಮೈ ಮುಟ್ಟಿದೆ. ಹೊರಗೆ ಕರ್ರಗಿದ್ದ ಕಲ್ಲು ಒಳಗಿನ ಬದಿಗೆ ಕೆಂಪಗೆ ಬೆಂದು, ಕೆನೆ ಬಿರಿದಂತೆ ಬಿರುಕು ಬಿಟ್ಟಿತ್ತು. ಬಿಸಿಲಿಗೆ ಕಲ್ಲು ಹಾಗೆ ಬಿರಿಯುವುದಿಲ್ಲ. ಮಳೆಗೂ ಇಲ್ಲ. ಕೈಗೆ ಸಿಕ್ಕ ಚೂಪುಗಲ್ಲಿನಿಂದ ನಡುವಿನ ಮಣ್ಣು ಕೆದರಿದೆ. ಒಂದು ಗೇಣು ಕೆಳಗೆ ಬೂದಿ. ಇನ್ನೂ ಕೆಳಗೆ ಬೂದಿ. ಎಷ್ಟು ತಲೆಮಾರಿನ ಬೂದಿಯೋ, ಮೈದಾ ಹಿಟ್ಟಿನಷ್ಟು ನುಣ್ಣಗೆ.

ಅದು ಒಲೆ. ಒಲೆ ಇದ್ದಲ್ಲಿ ಗೋಡೆ ಇರಲೇಬೇಕು. ಬಯಲಲ್ಲಿ, ಅದೂ ಈ ಬಡಗಾಳಿಯಲ್ಲಿ, ಒಲೆ ಹೂಡುವ ಹೆಂಗಸು ಯಾವ ಕಾಲದಲ್ಲೂ ಇರಲಾರಳು. ತಿರುಗಿ ನೋಡಿದೆ. ನನ್ನ ಬೆನ್ನಿನಿಂದ ಒಂದು ಮಾರು ಹಿಂದೆ, ಕಾಲುದಾರಿಗೆ ಅಡ್ಡಲಾಗಿ ಕಲ್ಲಿನ ಸಾಲು. ನಾವೆಲ್ಲ ಮೆಟ್ಟಿಲು ಅಂದುಕೊಂಡಿದ್ದೆವು. ಊರಿಗೂರೇ ತುಳಿದು ತುಳಿದು ಕನ್ನಡಿಯಂತೆ ಹೊಳೆಯುತ್ತಿತ್ತು. ಎರಡೂ ಕಡೆ ಅದು ಹುಲ್ಲಿನೊಳಗೆ ಸಾಗಿ, ತಿರುಗಿ, ಹಿರೇಮನೆಯ ಗೋಡೆಗೆ ಹೋಗಿ ಕೂಡಿತ್ತು.

ಅಂದರೆ ನಾವು ಬಾಗಿಲು ಅನ್ನುತ್ತಿದ್ದದ್ದು ಮನೆಯ ಬಾಗಿಲೇ ಅಲ್ಲ. ಅಡುಗೆಮನೆಯಿಂದ ಪಡಸಾಲೆಗೆ ಹೋಗುವ ಒಳಬಾಗಿಲು. ಇಷ್ಟೊಂದು ಭಕ್ತಿಯಿಂದ ತಲೆ ತಗ್ಗಿಸಿ ಹೋಗುತ್ತಿದ್ದ ಊರು, ಅದಕ್ಕೆ ಹತ್ತು ಹೆಜ್ಜೆ ಮೊದಲು ದಿನಾ ಅಡುಗೆಮನೆಯ ಗೋಡೆ ದಾಟಿಕೊಂಡೇ ಬರುತ್ತಿತ್ತು.

ತಂಗೆವ್ವ ಹೊರಗೆ ಬಂದಾಗ ಹೇಳಿದೆ.

"ಏನಂದೀ?" ಅಂದಳು. ಹೊರಗಿನ ದನಿ, ಗುಡುಗಿನಂಥದ್ದು. "ರೊಟ್ಟಿ ಬಡಿಯಾಕಿ ನನ್ನ ಅತ್ತಿಮನಿ ನನಗ ತೋರಸಾಕ ಬಂದಾಳ ನೋಡ್ರೆವಾ! ನಲವತ್ತೆಂಟ ವರ್ಷ ಸಾರಿಸೇನಿ ನಾ ಈ ಮನಿ. ಯಾವ ಕಲ್ಲಿನ ಮಗ್ಗಲ ಯಾವ ಕಲ್ಲೈತಿ ಅಂತ ಕಣ್ಣ ಮುಚ್ಚಿ ಹೇಳ್ತೇನಿ."

"ಒಳಗಿಂದ ನಿಮಗ ಗೊತ್ತೈತಿ, ಆಯೀ. ಇದು ಹೊರಗ ಐತಿ. ಒಮ್ಮೆ ಇಲ್ಲೆ ಕುಂದರ್ರಿ. ನನ್ನ ಸಲುವಾಗಿ."

ಗೊಣಗುತ್ತ ಕೂತಳು. ಎಡಗಾಲು ಚಾಚಿದಳು. ಹಿಮ್ಮಡಿ ತಗ್ಗಿಗೆ ಕೂತಿತು. ಬಲಗೈ ಒರಳಿಗೆ ಹೋಯಿತು, ಎಡಗೈ ಒಲೆಯ ಕಡೆ ಹೋಯಿತು. ಬೂದಿಯನ್ನು ಎರಡು ಬೆರಳಲ್ಲಿ ಎತ್ತಿ ತಿಕ್ಕಿ ನೋಡಿದಳು, ಮೂಸಿದಳು. ಆಮೇಲೆ ನಾನು ನೋಡುತ್ತಿದ್ದಂತೆ, ಆ ಬಯಲಲ್ಲಿ, ಬೀಸುವ ಗಾಳಿಯಲ್ಲಿ, ಸೆರಗನ್ನು ಮೇಲೆಳೆದು ಹಣೆಯವರೆಗೆ ಹೊದ್ದುಕೊಂಡಳು.

"ಚಪ್ಪಲಿ ತಗೀರಿ," ಅಂದಳು. ಅದು ಒಳಗಿನ ದನಿ, ಕೇಳಿಸೀತೋ ಇಲ್ಲವೋ ಅನ್ನುವಂಥದ್ದು. "ಎಲ್ಲಾರೂ ನಿಮ್ಮ ನಿಮ್ಮ ಚಪ್ಪಲಿ ತಗೀರವಾ. ನಲವತ್ತೆಂಟ ವರ್ಷ ಅತ್ತಿ ಒಲೀ ಮ್ಯಾಲ ಚಪ್ಪಲಿ ಬಿಟ್ಟೇನಲ್ಲ ನಾನು!"

ಸುದ್ದಿ ಗಿರಿಮಲ್ಲಪ್ಪನವರಿಗೆ ಹೋಯಿತು. ಅವರು ಬಂದು, ಸೊಂಟದ ಮೇಲೆ ಕೈಯಿಟ್ಟು, ಬೂದಿ ನೋಡಿದರು, ನನ್ನನ್ನು ನೋಡಿದರು.

"ನಮ್ಮ ಮುತ್ಯಾನ ಮುತ್ಯಾ ಇದ ಬಾಗಲದಾಗ ತಲಿ ಬಗ್ಗಿಸಿ ಬಂದಾನ."

"ಬಂದಾನ, ಯಾರ ಇಲ್ಲ ಅಂದರು?" ಅಂದಳು ತಂಗೆವ್ವ. "ಅಡಗಿಮನ್ಯಾಗ ಹಾದು ಬಂದಾನ, ಹಾಲ ಕುಡ್ಯಾಕ ಬೆಕ್ಕ ಬಂದಂಗ."

ಸುತ್ತ ನಿಂತವರು ನಕ್ಕರು. ಗಿರಿಮಲ್ಲಪ್ಪನವರು ನಗಲಿಲ್ಲ. "ಆತು. ಇದು ಗೋಡಿ ಅಂತ ಇಟ್ಕೊಳ್ಳೂಣು. ಅದು ಮತ್ತ ಬರಬೇಕಂದ್ರ ಮೂರ ದಿನ ಯಾರೂ ದಾಟಬಾರದು. ಹಂಗಾರ ಒಳಗಿನ ಮಂದಿ ಹೊರಗ ಹೆಂಗ ಬರಬೇಕು? ಊಟ, ನೀರು ಹೆಂಗ ಹೋಗಬೇಕು? ಖರೇ ಬಾಗಲಾ ಎಲ್ಲೈತಿ ತೋರಸು ಶಾವಂತ್ರಿ. ತೋರಸಿದರ ನಾ ನಿನ್ನ ಮಾತ ಕೇಳ್ತೇನಿ."

ನಾನು ಮತ್ತೆ ಒರಳಿನ ಮುಂದೆ ಕೂತೆ. ಕೂತಲ್ಲಿಂದ ತಲೆಯೆತ್ತಿದರೆ ನೇರ ಎದುರಿಗೆ ಆ ಒಳಬಾಗಿಲು. ಅದರೊಳಗಿಂದ ಪಡಸಾಲೆ ಉದ್ದಕ್ಕೆ ಕಾಣುತ್ತಿತ್ತು. ಪಡಸಾಲೆಯ ಆ ತುದಿಗೆ ಗೋಡೆಯ ಸಾಲಿನ ಮೇಲೆ ದೊಡ್ಡ ಜಾಲಿಕಂಟಿ. ನನಗೆ ಗೊತ್ತಾಯಿತು. ಒಲೆಯ ಮುಂದೆ ಇಡೀ ದಿನ ಕೂರುವವಳಿಗೆ ಬೇಕಾದದ್ದು ಒಂದೇ. ಕೈ ಹಿಟ್ಟಾಗಿದ್ದಾಗಲೂ ಎದ್ದುಹೋಗದೆ ಕಾಣಬೇಕು, ಬಾಗಿಲಿಗೆ ಯಾರು ಬಂದರು, ಮಕ್ಕಳು ಎಲ್ಲಿ ಆಡುತ್ತಿದ್ದಾರೆ. ನನ್ನ ಮನೆಯಲ್ಲಿ ಅದು ಕಾಣುವುದಿಲ್ಲ. ಪ್ರತಿ ಸದ್ದಿಗೂ ಏಳುತ್ತೇನೆ. ಈ ಹೆಂಗಸು, ಯಾವ ಕಾಲದವಳೋ, ಹೆಸರೇನೋ, ಏಳದೆಯೇ ಕಾಣುವಂತೆ ಮನೆ ಕಟ್ಟಿಸಿಕೊಂಡಿದ್ದಳು. ಎಷ್ಟು ದಣಿದಿದ್ದಳೋ, ಎಷ್ಟು ಜಾಣಳಿದ್ದಳೋ! ಅವಳ ಪಾದ ಎಲ್ಲಿತ್ತೋ ಅಲ್ಲಿ ನನ್ನ ಪಾದ ಇತ್ತು. ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸಿತು.

"ಆ ಜಾಲಿಕಂಟೀ ಬುಡಕ ಐತಿ, ಕಾಕಾ," ಅಂದೆ.

ಮರುದಿನ ವಾರದ ರಜೆ, ಬರಮಪ್ಪ ಬಂದಿದ್ದ. ಮಾತು ಕಡಿಮೆಯ ಮನುಷ್ಯ. ನಾನು ಹೇಳಿದ್ದನ್ನು ಕೇಳಿ, "ಕೊಡ್ಲಿ ಎಲ್ಲೈತಿ?" ಅಂದ, ಅಷ್ಟೆ. ಕಂಟಿ ಕಡಿಯುವಾಗ ಎಲ್ಲಿ ಗೋಡೆಯಾಚೆ ಕಾಲಿಟ್ಟಾನೋ ಎಂದು ಊರವರು ಹೊರಗಿನಿಂದ, ಕಂಬದವರು ಒಳಗಿನಿಂದ ಕೂಗುತ್ತಲೇ ಇದ್ದರು. "ಕಾಲ, ಕಾಲ! ಬರಮಪ್ಪ, ಕಾಲ ನೋಡಪಾ!" ಅವನು ಮೊಣಕಾಲೂರಿ, ಹೊರಗಿನಿಂದಲೇ ಬೇರು ಅಗೆದ. ಮಧ್ಯಾಹ್ನದ ಹೊತ್ತಿಗೆ ಕಲ್ಲಿನ ಹೊಸ್ತಿಲು ಕಂಡಿತು. ನಡುವೆ ಸವೆದು, ತೊಟ್ಟಿಲ ಹಾಗೆ ತಗ್ಗಾದ ಹೊಸ್ತಿಲು. ಅದರ ಎರಡೂ ತುದಿಗೆ ಒಂದೊಂದು ಕುಳಿ. ಬರಮಪ್ಪ ಮಣ್ಣು ತೆಗೆದು ಬೆರಳು ಹಾಕಿ ತಿರುಗಿಸಿದ.

"ಕದ ತಿರುಗಿದ ಕುಳಿ," ಅಂದ. "ಎರಡ ಕದದ ಬಾಗಲಾ. ಇದು ತಲಬಾಗಲಾ, ಕಾಕಾ. ಇದಕ್ಕ ತಲಿ ಬಗ್ಗಿಸೂ ಕೆಲಸ ಇಲ್ಲ."

ಗಿರಿಮಲ್ಲಪ್ಪನವರು ತಾವೇ ಬಗ್ಗಿ ಕುಳಿಯಲ್ಲಿ ಬೆರಳಾಡಿಸಿದರು. ತಾಮ್ರದ ತಂಬಿಗೆಯ ಒಳಮೈಯಷ್ಟು ನಯವಾಗಿತ್ತು. ಎದ್ದು ನಿಂತು, ಯಾರ ಕಡೆಗೂ ನೋಡದೆ, "ಗೋಡಿ ಅಂದ ಮ್ಯಾಲ ಗೋಡಿ. ಇವತ್ತಿನಿಂದ ಆ ಕಡೆಯಿಂದ ಯಾರೂ ಬರಬಾರದು," ಅಂದರು.

ಆದರೆ ಹೊಸ ಬಾಗಿಲಿನಿಂದ ಮೊದಲು ಯಾರು ಹೋಗಬೇಕು? ಅದಕ್ಕೆ ಮಾತೇ ಇರಲಿಲ್ಲ. ಸೊಸೆ. ತಂಗೆವ್ವ ಊರಿಗೆ ಹೋಗಿ ಮಿಂದು, ಹಸಿರು ಇಳಕಲ್ಲು ಸೀರೆ ಉಟ್ಟು, ಕೈತುಂಬ ಬಳೆ ಇಟ್ಟುಕೊಂಡು ಬಂದಳು. ಮುದುಕಿಯರು ಹೊಸ್ತಿಲ ಮೇಲೆ ಸೇರಿನ ತುಂಬ ಜೋಳ ಇಟ್ಟರು. ಹೊಸ ಮದುಮಗಳು ಬಲಗಾಲಿನಿಂದ ಸೇರು ಒದ್ದು ಒಳಗೆ ಬರಬೇಕು.

"ಕಾಲ ಎತ್ತಾಕ ಬರ್ತೈತೇನಬೇ ಮದುಮಗಳ?" ಎಂದು ಒಬ್ಬಳು ಕೂಗಿದಳು.

"ನಿನ್ನ ಒದೀಬೇಕಂದ್ರ ಈಗೂ ಬರ್ತೈತಿ," ಅಂದಳು ತಂಗೆವ್ವ. ಆದರೆ ಹೊಸ್ತಿಲ ಮುಂದೆ ನಿಂತಾಗ ಅವಳ ಮೋರೆ ಬದಲಾಯಿತು. ನಲವತ್ತೆಂಟು ವರ್ಷದ ಅಭ್ಯಾಸ, ತಲೆ ತಾನೇ ತಗ್ಗತೊಡಗಿತು. ಅರ್ಧಕ್ಕೆ ತಡೆದು, ಮೇಲೆತ್ತಿದಳು. ಅವಳ ಕತ್ತು ಅಷ್ಟು ನೆಟ್ಟಗೆ ಇದ್ದದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಅತ್ತೀ," ಅಂದಳು, "ಇಷ್ಟ ವರ್ಷ ನಿಮ್ಮ ಅಡಗಿಮನಿ ತುಳದು ಬಂದೆ. ಗೊತ್ತಿರಲಿಲ್ರಿ. ಇವತ್ತ ಮುಂದಿನ ಬಾಗಲದಿಂದ ಬರಾಕತ್ತೇನಿ. ಹೊಟ್ಟ್ಯಾಗ ಹಾಕ್ಕೋರಿ." ಸೇರು ಒದ್ದಳು. ಜೋಳ ಪಡಸಾಲೆಯ ತುಂಬ ಉರುಳಿತು. ನಕ್ಕವರೂ ಅತ್ತರು.

ಆಮೇಲಿನ ಮೂರು ದಿನ ಕಠಿಣ. ಮೂರು ದಿನವೂ ನಾನು, ಮನೆಯಲ್ಲಿ ಒಬ್ಬಳನ್ನೇ ಬಿಡಲಾರದೆ, ಕಸ್ತೂರಿಯನ್ನು ಕರೆದುಕೊಂಡು ಅಡುಗೆಮನೆಯ ಗೋಡೆಯ ಹೊರಗೆ ಕಾವಲು ಕೂತೆ. ಕಾಲಿಗೆ ಹಳೇ ದಾರಿಯ ರೂಢಿ ಬಲವಾಗಿತ್ತು. ನೀರಿನ ಕೊಡ ಹೊತ್ತವಳು, ಸೊಪ್ಪು ತಂದವಳು, ಮಾತಾಡುತ್ತ ಮಾತಾಡುತ್ತ ನೇರ ಬಂದುಬಿಡುವರು. ನನಗಿಂತ ಮೊದಲೇ ಗಿರಿಮಲ್ಲಪ್ಪನವರು ಅಲ್ಲಿಗೆ ಬಂದು ಕೋಲು ಹಿಡಿದು ಕೂತಿರುತ್ತಿದ್ದರು. "ಗೋಡಿಗೆ ಹಾಯ್ತೀಯಲ್ಲಬೇ, ಕಣ್ಣ ಕಾಣೂದಿಲ್ಲೇನು?" ಎಂದು ಗದರುತ್ತಿದ್ದರು. ಗೋಡೆಯನ್ನು ನಂಬಿದ್ದರೋ ಇಲ್ಲವೋ, ಕಾಯಲು ಒಪ್ಪಿಕೊಂಡ ಮೇಲೆ ಕಾಯುವವರು ಅವರು.

ಮೂರನೆಯ ದಿನ ಇಳಿಹೊತ್ತಿಗೆ ಗಾಳಿ ರೊಯ್ಯನೆ ಏರಿತು. ಕಸ್ತೂರಿಗೆ ಕೆಮ್ಮು ಹತ್ತಿತು, ನಿಲ್ಲಲಿಲ್ಲ. ತುಟಿ ನೀಲಿಯಾಯಿತು. ನನ್ನ ತೋಳು ಹಿಡಿದು ಏನೋ ಹೇಳಲು ನೋಡಿದಳು. "ಅವ್ವಾ," ಅಂದಳು. ಮುಂದಿನದಕ್ಕೆ ಉಸಿರಿರಲಿಲ್ಲ. ಮೂರು ಮಾತಿನ ಉಸಿರು ಒಂದೇ ಮಾತಿಗೆ ಬಂದಿತ್ತು. ಹತ್ತು ಹೆಜ್ಜೆಯಾಚೆ ಒಳಬಾಗಿಲು, ಅದರೊಳಗೆ ಹಣತೆಯ ಕುಡಿ ಅಲುಗದೆ ನಿಂತಿತ್ತು. ನಾನು ಮಗುವನ್ನೆತ್ತಿಕೊಂಡು ಎದ್ದೆ. ಕಂಬ ಇಲ್ಲ, ಪದ್ಧತಿ ಇಲ್ಲ, ಏನೂ ನೆನಪಾಗಲಿಲ್ಲ. ಕಾಲೆತ್ತಿದೆ.

"ಶಾವಂತ್ರೀ! ಗೋಡಿ ಐತಿ, ಹಾಯ್ತೀ!"

ಗಿರಿಮಲ್ಲಪ್ಪನವರು 'ದಾಟಬೇಡ' ಎಂದು ಕೂಗಿದ್ದರೆ ನಾನು ದಾಟಿಬಿಡುತ್ತಿದ್ದೆ. ಖರೇ ಗೋಡೆಗೆ ಹಣೆ ಬಡಿದುಕೊಳ್ಳಲಿರುವವಳಿಗೆ ಕೂಗುವಂತೆ ಕೂಗಿದರು. ಎತ್ತಿದ ಕಾಲು ಹಾಗೇ ನಿಂತಿತು. ನನ್ನ ಕಣ್ಣಿಗೆ ಕಲ್ಲಿನ ಸಾಲು ಕಂಡಿತು, ಅದರ ಮೇಲೆ ಏನೂ ಇರಲಿಲ್ಲ, ಆದರೂ ನನ್ನ ಮೈ ಹಿಂದಕ್ಕೆ ಸರಿಯಿತು.

"ಇಲ್ಲೆ ಕುಂದರು," ಅಂದರು ಅವರು. ತಮ್ಮ ಕಂಬಳಿ ಬಿಚ್ಚಿ ನಮ್ಮಿಬ್ಬರ ಮೇಲೆ ಎಳೆದರು. ಆಮೇಲೆ ಬಡಗಣಕ್ಕೆ ಬೆನ್ನು ಮಾಡಿ, ನಮ್ಮನ್ನು ಮರೆಮಾಡಿ, ಗುಡ್ಡದ ಹಾಗೆ ಕೂತುಬಿಟ್ಟರು. ತಂಗೆವ್ವ ತಲಬಾಗಿಲಿನಿಂದ ಸುತ್ತಿ ಬಿಸಿ ಕಷಾಯ ತಂದಳು. ಅವರನ್ನು ಆ ಸ್ಥಿತಿಯಲ್ಲಿ ನೋಡಿ, "ದಿನಾ ಎಂಟ ರೊಟ್ಟಿ ಉಂಡದ್ದು ಇವತ್ತ ಉಪಯೋಗಕ್ಕ ಬಂತ ನೋಡು, ಗಿರಿಮಲ್ಲಾ," ಅಂದಳು. ಅವರ ಹಲ್ಲು ಕಟಕಟ ಅನ್ನುತ್ತಿದ್ದವು. ಕಷಾಯ ಇಳಿದ ಮೇಲೆ ಮಗುವಿನ ತುಟಿಗೆ ಸ್ವಲ್ಪ ಕೆಂಪು ಬಂತು. ಕತ್ತಲಾಗುವ ಮೊದಲು ಅವರೇ ನಮ್ಮನ್ನು ಮನೆವರೆಗೆ ಬಿಟ್ಟು ಹೋದರು.

ನಾಲ್ಕನೆಯ ದಿನ ಬೆಳಿಗ್ಗೆ ಬಿಸಿಲೇರಿದ ಮೇಲೆ ಕಸ್ತೂರಿಯನ್ನು ಸೊಂಟದ ಮೇಲಿಟ್ಟುಕೊಂಡು, ಹಿಟ್ಟಿನ ಬುಟ್ಟಿ, ಹೆಂಚು, ಒಂದಿಷ್ಟು ಕಟ್ಟಿಗೆ ಹೊತ್ತುಕೊಂಡು ಹೋದೆ. ತಲಬಾಗಿಲಲ್ಲಿ ತಂಗೆವ್ವ ನಿಂತಿದ್ದಳು. ಒಳಗಿನಿಂದ ಯಾರೋ ಕೇಳಿದರು, "ಇಕಿ ಯಾವ ಕಂಬದಾಕಿ ಆಯೀ?"

ತಂಗೆವ್ವ ಒಳಗಿನ ದನಿಯಲ್ಲೇ ಅಂದಳು, "ಅಡಗಿಮನ್ಯಾಗ ಕಂಬ ಇಲ್ಲವಾ. ಅಲ್ಲಿ ರೊಟ್ಟಿ ಬಡಿಯಾಕಿನ ಕಂಬ." ಆಮೇಲೆ ಮೆಲ್ಲಗೆ, ನನಗಲ್ಲದೆ ಇನ್ಯಾರಿಗೋ, "ಅತ್ತೀ, ಶಾವಂತ್ರಿ ಬಂದಾಳ್ರಿ. ಮಗಳು ಕಸ್ತೂರಿ. ಒಲೀ ಹಚ್ಚಾಕ ಬಂದಾರ," ಅಂದಳು.

ಹನ್ನೆರಡು ಕಲ್ಲುಗಳ ನಡುವೆ ಹಾದುಹೋದೆವು. ಬಾಣಂತಿಯರು ಕಾಲು ಮಡಚಿ ದಾರಿ ಬಿಟ್ಟರು. ಗಿರಿಮಲ್ಲಪ್ಪನವರು ತಮ್ಮ ಕಲ್ಲಿಗೆ ಒರಗಿ ಮಲಗಿದ್ದರು, ನೆಗಡಿಯಾಗಿತ್ತು, ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದರು. ಒಳಬಾಗಿಲಲ್ಲಿ ತಲೆ ತಗ್ಗಿಸಿದೆ. ಕಸ್ತೂರಿಯ ತಲೆಯನ್ನೂ ಕೈಯಿಂದ ತಗ್ಗಿಸಿದೆ. ಒರಳಿನ ಪಕ್ಕ ಅವಳನ್ನು ಕೂರಿಸಿ, ಮೂರು ಕಲ್ಲು ತೊಳೆದು, ಒಲೆ ಹೂಡಿ, ಬೆಂಕಿ ಹಚ್ಚಿದೆ. ಮೇಲೆ ಆಕಾಶ ನೀಲಿಯಾಗಿತ್ತು. ಗೋಡೆಯ ಸಾಲಿನಾಚೆ, ಒಂದು ಮಾರು ದೂರದಲ್ಲಿ, ಹುಲ್ಲು ನೆಲಕ್ಕೆ ಮಲಗುತ್ತ ಏಳುತ್ತ ಇತ್ತು.

ಹಿಟ್ಟು ನಾದಿ, ಮೊದಲ ಉಂಡೆ ಬಡಿಯತೊಡಗಿದೆ. ಆಗ ಕೇಳಿಸಿತು. ಬಯಲಲ್ಲಿ ರೊಟ್ಟಿ ಬಡಿದರೆ ಸದ್ದು ಹೊರಟುಹೋಗುತ್ತದೆ, ತಿರುಗಿ ಬರುವುದಿಲ್ಲ. ಇಲ್ಲಿ ನನ್ನ ಕೈಯ ಪಟಪಟ ಸದ್ದು ನಾಲ್ಕೂ ಕಡೆಯಿಂದ ನನಗೇ ಮರಳಿ ಬಂತು, ಒಳ್ಳೇ ದಪ್ಪ ಗೋಡೆಯ ಮನೆಯಲ್ಲಿ ಕೇಳುವಂತೆ. ಹೆಂಚಿಗೆ ಹಾಕಿದೆ. ಒಲೆಯ ಹೊಗೆ ನೆಟ್ಟಗೆ ಏರಿತು, ಎರಡಾಳು ಎತ್ತರಕ್ಕೆ ಹೋಗಿ ಅಲ್ಲಿ ತುಸು ಹರಡಿ, ಒಂದು ಮೂಲೆಗೆ ಸರಿದು, ಮೊರದಗಲದ ಜಾಗದಿಂದ ಹೊರಗೆ ಹೋಯಿತು. ಅಲ್ಲೇ ಅವಳ ಮನೆಯ ಬೆಳಕಿಂಡಿ ಇದ್ದಿರಬೇಕು. ನನ್ನ ಕಣ್ಣಿಗೆ ಒಂದಿಷ್ಟೂ ಹೊಗೆ ಬರಲಿಲ್ಲ. ಎಷ್ಟು ವರ್ಷದಿಂದ ಹೊಗೆಯಲ್ಲಿ ಕೂತು ಬಡಿದಿದ್ದೇನೆ! ಕೂತಲ್ಲಿಂದಲೇ ತಲೆಯೆತ್ತಿದೆ. ಒಳಬಾಗಿಲು, ಪಡಸಾಲೆ, ತಲಬಾಗಿಲು, ಅದರಾಚೆ ಊರಿನ ದಾರಿ, ಎಲ್ಲ ಒಂದೇ ಗೆರೆಯಲ್ಲಿ ಕಂಡವು.

ಆಮೇಲೆ ಮಗಳನ್ನು ನೋಡಿದೆ. ಅವಳು ಒರಳಿಗೆ ಒರಗಿ ಕೂತಿದ್ದಳು. ಎದೆಯ ಸದ್ದಿಗೆ ಕಿವಿಗೊಟ್ಟೆ. ಕೇಳಲಿಲ್ಲ. ಇನ್ನಷ್ಟು ಬಗ್ಗಿ ಕಿವಿಗೊಟ್ಟೆ. ಅವಳು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು.

"ಅವ್ವಾ ರೊಟ್ಟಿ ಹೊತ್ತಾಕತ್ತೈತಿ ನೀ ಸುಮ್ನ ನನ್ನ ಮಾರಿ ನೋಡ್ಕೋತ ಕುಂತೀದಿ ಮೊದಲನೇ ರೊಟ್ಟಿ ಅತ್ತಿಗಿ ಇಡಬೇಕ ಅಂತ ತಂಗೆವ್ವಾಯಿ ಹೇಳ್ಯಾಳ ಹೊತ್ತಿದ್ದ ಇಟ್ಟರ ಅತ್ತಿ ತಂಗೆವ್ವಾಯಿಗಿ ಬಯ್ತಾಳ ತಂಗೆವ್ವಾಯಿ ಹೊರಗ ಬಂದು ನಿನಗ ಬಯ್ತಾಳ ಆಕಿ ಬಾಯಿ ನಿನಗ ಗೊತ್ತಿಲ್ಲೇನು ಲಗೂನ ಹೊಳ್ಳಿ ಹಾಕು!"

ಒಂದೇ ಉಸಿರಿನಲ್ಲಿ ಹೇಳಿದಳು.

ರೊಟ್ಟಿ ಕರ್ರಗಾಗುತ್ತಿತ್ತು. ನಾನು ಹೊಳ್ಳಿ ಹಾಕಲಿಲ್ಲ.

"ಏನಂದೀ?" ಅಂದೆ. "ಇನ್ನೊಮ್ಮೆ ಹೇಳು."